ಸಹಾಯ ಬೇಕು: ಭೌತವಿಜ್ಞಾನಿ ಆದವರು ದಿನವಿಡೀ ಏನು ಮಾಡುತ್ತಾರೆ?

ನಮಸ್ಕಾರ. ನಾವು ಕಾಸರಗೋಡು ಜಿಲ್ಲೆಯ ಕುಂಬಳೆಯವರು. ಮಗಳು ಪ್ಲಸ್ ಟು, ಹತ್ತರವರೆಗೆ ಕನ್ನಡ ಮಾಧ್ಯಮ. ಭೌತವಿಜ್ಞಾನಿ ಆಗುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಅದರಿಂದ ಅಡಿಕೆ ತೋಟಕ್ಕೇನು ಲಾಭ ಅಂತ ಅವಳ ಅಜ್ಜ ಕೇಳುತ್ತಾರೆ, ಅದು ಬಿಡಿ.

ನಾನು ವಿಚಾರಿಸಿದ್ದು ಇಷ್ಟು. ಐಸರ್ (ವಿಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ) ಸೇರಬೇಕಾದರೆ ಐಎಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲವೇ ಬಿಎಸ್ಸಿ ಮುಗಿಸಿ, ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಎಸ್ಸಿ. ನಮ್ಮ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಎಂಎಸ್ಸಿ ಫಿಸಿಕ್ಸ್ ಇದೆ. ಆಮೇಲೆ ಪಿಎಚ್‌ಡಿಗೆ ಐದಾರು ವರ್ಷ. ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದೂ ಮುಗಿದ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಅಂತ ಊರೂರು ಸುತ್ತಬೇಕಂತೆ, ಹೌದಾ?

ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ? ಲ್ಯಾಬ್ ಕೆಲಸ ಜಾಸ್ತಿಯೋ, ಕಂಪ್ಯೂಟರಿನಲ್ಲಿ ಕೋಡ್ ಬರೆಯುವುದು ಜಾಸ್ತಿಯೋ? ಅವಳಿಗೆ ಗಣಿತ ಅಂದರೆ ಪ್ರಾಣ, ಲ್ಯಾಬ್ ಅಂದರೆ ಬೇಜಾರು. ಸುಮ್ನೆ ಧೈರ್ಯ ತುಂಬಬೇಡಿ, ಕಷ್ಟವಿದ್ದರೆ ಅದನ್ನೂ ಹೇಳಿ.