ಪದಚರ್ಚೆ: ಪ್ಲೇಡೋಗೆ ಕಣಕ ಅನ್ನಬಹುದಾ? ಅದರ ಪರಿಮಳಕ್ಕೆ ಯಾವ ಮಾತು?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ದಾವಣಗೆರೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ ಹೇಳುವವಳು. ಮನೆಯಲ್ಲೇ ಆಡಿಸಬಹುದಾದ ಆಟಗಳ ಬಗ್ಗೆ ಅಪ್ಪ ಅಮ್ಮಂದಿರಿಗೆ ಒಂದೊಂದು ಪುಟದ ಹಾಳೆ ಬರೆದು ಕೊಡುತ್ತೇನೆ. ಈ ಸಲ ಪರಿಮಳದ ಪ್ಲೇಡೋ, ಅಂದರೆ ಮಕ್ಕಳು ಹಿಸುಕಿ ಆಕಾರ ಮಾಡಿ ಆಡುವ ಮೆತ್ತನೆಯ ಬಣ್ಣದ ಉಂಡೆ, ಮಾಡುವ ಬಗೆ ಬರೆಯಬೇಕು. ಮಾಡುವುದು ಹತ್ತು ನಿಮಿಷದ ಕೆಲಸ. ಬರೆಯಲು ಕೂತರೆ ಮೊದಲ ಸಾಲೇ ಮುಂದಕ್ಕೆ ಹೋಗುತ್ತಿಲ್ಲ. ಇದನ್ನು ಕನ್ನಡದಲ್ಲಿ ಏನಂತ ಕರೆಯುವುದು?

ಯಾಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ ಅಂದರೆ, ಹೋದ ವರ್ಷ ಒಂದು ತಪ್ಪು ಮಾಡಿದ್ದೆ. ಹಾಳೆಗೆ ‘ಆಟದ ಕಣಕ’ ಅಂತ ಹೆಸರಿಟ್ಟಿದ್ದೆ. ಬಣ್ಣಕ್ಕೆ ಅರಿಶಿನ, ಘಮಕ್ಕೆ ಏಲಕ್ಕಿ ಪುಡಿ. ಒಂದು ಮನೆಯಲ್ಲಿ ಅಮ್ಮ ಮಗಳು ಸೇರಿ ಮಾಡಿ ಆಡಿ, ಉಳಿದ ಉಂಡೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟಿದ್ದರು. ಡಬ್ಬಿಯ ಮೇಲೆ ‘ಕಣಕ’ ಅಂತ ಚೀಟಿಯನ್ನೂ ಅಂಟಿಸಿದ್ದರು. ಮಾರನೆಯ ದಿನ ಅಜ್ಜಿ ಡಬ್ಬಿ ತೆಗೆದು ನೋಡಿದರು. ಹಳದಿ ಬಣ್ಣ, ಎಣ್ಣೆಯ ಹೊಳಪು, ಏಲಕ್ಕಿ ಘಮ. ಹೋಳಿಗೆ ಕಣಕವೇ ಅಂದುಕೊಂಡು, ಮನೆಯಲ್ಲಿ ಉಳಿದಿದ್ದ ಹೂರಣ ತುಂಬಿ ಎರಡು ಹೋಳಿಗೆ ತಟ್ಟಿಬಿಟ್ಟರು. ಪುಣ್ಯಕ್ಕೆ ಮೊದಲ ತುತ್ತನ್ನು ತಾವೇ ಬಾಯಿಗಿಟ್ಟರು. ಉಪ್ಪೋ ಉಪ್ಪು. ಆಮೇಲೆ ನನಗೆ ಫೋನ್ ಮಾಡಿ, “ನೀವೇ ಕಣಕ ಅಂತ ಬರ್ದೀರಲ್ರೀ ಟೀಚರ್” ಅಂದರು. ಅವರ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಪದ ಏನು ಹೇಳಿತ್ತೋ ಅದನ್ನೇ ಅವರು ಮಾಡಿದ್ದರು.

ಅಳತೆ ಹೇಳಿದರೆ ನಿಮಗೂ ಗೊತ್ತಾಗುತ್ತದೆ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಲೋಟ ನೀರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ದೊಡ್ಡ ಚಮಚ ನಿಂಬೆರಸ. ಉಪ್ಪು ಅಷ್ಟಿದ್ದರೇನೇ ಉಂಡೆ ಬೇಗ ಬೂಷ್ಟು ಹಿಡಿಯದೆ ಉಳಿಯುವುದು. ಆದರೆ ಅದೇ ಉಪ್ಪು ಚಿಕ್ಕ ಮಗುವಿನ ಹೊಟ್ಟೆಗೆ ಜಾಸ್ತಿ ಹೋದರೆ ಅಪಾಯ. ಮನೆಯ ನಾಯಿ ತಿಂದರೂ ಅಪಾಯ. ಹೆಸರೂ ತಿಂಡಿಯದು, ಘಮವೂ ತಿಂಡಿಯದು ಆದರೆ ಮೂರು ವರ್ಷದ ಮಗು ಬಾಯಿಗೆ ಹಾಕದೆ ಇನ್ನೇನು ಮಾಡೀತು?

ಈಗ ನಾನು ತೂಗಿ ನೋಡಿದ ಪದಗಳಿಗೆ ಬರುತ್ತೇನೆ.

ಮೊದಲು ನೆನಪಾಗುವುದು ಹಿಟ್ಟು. ನಮ್ಮಲ್ಲಿ ಪುಡಿಯೂ ಹಿಟ್ಟೇ, ಕಲಸಿದ್ದೂ ಹಿಟ್ಟೇ, ರುಬ್ಬಿದ್ದೂ ಹಿಟ್ಟೇ. ಗೋಧಿ ಹಿಟ್ಟು, ಚಪಾತಿ ಹಿಟ್ಟು, ದೋಸೆ ಹಿಟ್ಟು. ಅಡುಗೆಮನೆಯಲ್ಲಿ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಹಾಳೆಯಲ್ಲಿ ‘ಹಿಟ್ಟಿಗೆ ಬಣ್ಣ ಹಾಕಿ’ ಅಂತ ಬರೆದರೆ ಪುಡಿಗೋ ಕಲಸಿದ್ದಕ್ಕೋ ಅಂತ ಕೇಳುತ್ತಾರೆ. ಸಾಲದ್ದಕ್ಕೆ ನನ್ನ ಅತ್ತೆಯವರ ಊರು ತುಮಕೂರಿನ ಕಡೆ. ಅಲ್ಲಿ ಹಿಟ್ಟು ಅಂದರೆ ರಾಗಿ ಮುದ್ದೆ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನುವ ಗಾದೆಯ ಹಿಟ್ಟು ಊಟವೇ ಅಲ್ವಾ? ಮುದ್ದೆಯದೂ ಇದೇ ಕತೆ. ಮಣ್ಣಿನ ಮುದ್ದೆ, ಮೇಣದ ಮುದ್ದೆ ಅಂತ ಬರೆಯುವುದು ಸರಿಯೇ. ಆದರೂ ಬರೀ ಮುದ್ದೆ ಅಂದಾಗ ಹಳೆ ಮೈಸೂರಿನ ಮಗುವಿನ ಕಣ್ಣ ಮುಂದೆ ತಟ್ಟೆ, ಸಾರು ಬರುತ್ತದೆ.

ಕಣಕ ನನಗೆ ತುಂಬಾ ಇಷ್ಟದ ಪದ. ಪುಡಿಯೂ ಅಲ್ಲದ, ದೋಸೆ ಹಿಟ್ಟಿನ ಹಾಗೆ ನೀರೂ ಅಲ್ಲದ, ನಾದಿ ಹದಕ್ಕೆ ತಂದ ಸ್ಥಿತಿಯನ್ನು ಅದೊಂದೇ ಹೇಳುತ್ತದೆ. ನನ್ನ ತವರು ಗದಗ ಜಿಲ್ಲೆ. ಅಲ್ಲಿ ನಮ್ಮ ಮನೆಯಲ್ಲಿ ಚಪಾತಿಗೂ ಕಣಕವನ್ನೇ ನಾದುತ್ತಾರೆ. ಇಲ್ಲಿ ಬಹಳ ಮನೆಗಳಲ್ಲಿ ಕಣಕ ಅಂದರೆ ಹೋಳಿಗೆಯದು ಮಾತ್ರ, ಅದರ ಜೋಡಿ ಹೂರಣ. ಮರಾಠಿಯ ಕಣೀಕ ಇದರ ನೆಂಟ. ಪಂಜಾಬಿಯಲ್ಲಿ ಕಣಕ್ ಅಂದರೆ ಗೋಧಿಯೇ. ಇಷ್ಟು ದೂರದವರೆಗೆ ಗೋಧಿಯ ಜೊತೆ ಬೆಳೆದು ಬಂದ ಪದವನ್ನು ಊಟದಿಂದ ಬಿಡಿಸಿ ಆಟಕ್ಕೆ ತರುವುದು ಸುಮ್ನೆ ಆಗುವ ಕೆಲಸವಲ್ಲ ಅಂತ ಹೋದ ವರ್ಷ ಕಲಿತೆ.

ಹಾಗಾಗಿ ಈ ಸಲ ನನ್ನ ಮನಸ್ಸು ‘ಆಟದ ಜೇಡಿ’ ಕಡೆ ವಾಲುತ್ತಿದೆ. ಜೇಡಿಮಣ್ಣು ಮಕ್ಕಳಿಗೆ ಹೊಸದಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆವತ್ತು ಮಣ್ಣು ಹದ ಮಾಡಿ, ಎತ್ತು ಮಾಡಿ ಪೂಜಿಸುತ್ತಾರೆ. ನಾನು ಚಿಕ್ಕವಳಿದ್ದಾಗ ಎತ್ತಿನ ಹಿಣಿಲು, ಅಂದರೆ ಬೆನ್ನ ಮೇಲಿನ ಡುಬ್ಬ, ನಿಲ್ಲಿಸುವುದೇ ದೊಡ್ಡ ಕೆಲಸ. ಮಣ್ಣು ತೆಳುವಾಗಿದ್ದರೆ ಕುಸಿಯುತ್ತಿತ್ತು, ಗಟ್ಟಿಯಾಗಿದ್ದರೆ ಬಿರಿಯುತ್ತಿತ್ತು. ಬೆರಳಿಗೆ ನೀರು ಮುಟ್ಟಿಸಿ ಸವರಿ ಸವರಿ ಕೂರಿಸಬೇಕಿತ್ತು. ಆಷಾಢದ ಮಂಗಳವಾರ ಬಂದರೆ ಹುಡುಗಿಯರಿಗೆ ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ ಪೂಜಿಸುವ ಹಬ್ಬ. ಪ್ಲೇಡೋ ಹಿಡಿದ ಮಗುವಿನ ಬೆರಳು ಮಾಡುವುದೂ ಅದೇ ಕೆಲಸ. ಒಂದು ಆಕ್ಷೇಪಣೆ ನನಗೇ ಹೊಳೆಯುತ್ತದೆ: ಜೇಡಿ ಅಂದರೆ ಮಣ್ಣು, ಇದರಲ್ಲಿ ಮಣ್ಣೇ ಇಲ್ಲವಲ್ಲ? ‘ಹಿಟ್ಟಿನ ಜೇಡಿ’ ಅಂದರೆ ಸರಿಹೋದೀತಾ? ತಿಳಿದವರು ಹೇಳಬೇಕು.

ಪ್ಲೇಡೋ ಅಂತಲೇ ಬಿಟ್ಟುಬಿಡಿ ಅನ್ನುವವರೂ ಇದ್ದಾರೆ. ಅದು ಒಂದು ಕಂಪನಿಯ ಸರಕಿನ ಹೆಸರು. ಅಮೆರಿಕದ ಸಿನ್ಸಿನಾಟಿಯ ಒಂದು ಸಾಬೂನು ಕಂಪನಿ ಅದನ್ನು ಮೊದಲು ಮಾಡಿದ್ದು ಆಟಕ್ಕಲ್ಲ, ಗೋಡೆಕಾಗದಕ್ಕೆ ಹಿಡಿದ ಕಲ್ಲಿದ್ದಲ ಮಸಿ ಒರೆಸುವುದಕ್ಕೆ. ಮನೆ ಬಿಸಿ ಮಾಡಲು ಕಲ್ಲಿದ್ದಲು ಬಿಟ್ಟು ಗ್ಯಾಸ್ ಬಂತು, ಮಸಿ ಕಡಿಮೆಯಾಯಿತು, ಸರಕು ಕೇಳುವವರಿಲ್ಲವಾದರು. ಆಗ ಒಬ್ಬ ಶಿಶುವಿಹಾರದ ಶಿಕ್ಷಕಿ ಅದನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದು ಆಟದ ಸಾಮಾನಾಗಿ ಅಂಗಡಿಗೆ ಬಂತು. ನಮ್ಮ ಹಾಗೆ ಪಾಠ ಹೇಳುವವರೇ ಒಬ್ಬರು ಕಂಡುಕೊಂಡ ಆಟ ಅಂತ ನನಗೆ ಅದರ ಮೇಲೆ ಪ್ರೀತಿ ಜಾಸ್ತಿ.

ಈ ಬಳಗಕ್ಕೆ ಅದರ ಇನ್ನೊಂದು ವಿಷಯ ಹೇಳಲೇಬೇಕು. ಈಗ ಅದನ್ನು ಮಾರುವ ಹ್ಯಾಸ್‌ಬ್ರೊ ಕಂಪನಿ 2018ರಲ್ಲಿ ಅದರ ವಾಸನೆಯನ್ನೇ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತು. ವಾಸನೆಯನ್ನು ಅರ್ಜಿಯ ಕಾಗದದ ಮೇಲೆ ಅಂಟಿಸಲು ಆಗುವುದಿಲ್ಲ. ಮಾತಿನಲ್ಲೇ ಹೇಳಬೇಕು. ಅವರು ಬರೆದುಕೊಟ್ಟದ್ದರ ಸಾರ ಇಷ್ಟು: ಸಿಹಿಯಾದ, ಸ್ವಲ್ಪ ಕಸ್ತೂರಿ ಛಾಯೆಯ ವೆನಿಲಾ ಪರಿಮಳ, ಮೇಲೆ ತುಸು ಚೆರ್ರಿ ಹಣ್ಣು, ಜೊತೆಗೆ ಉಪ್ಪು ಹಾಕಿ ಕಲಸಿದ ಗೋಧಿ ಹಿಟ್ಟಿನ ವಾಸನೆ. ಇದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ. ಕೊನೆಯ ತುಂಡಿಗೆ ನಮ್ಮಲ್ಲಿ ಅಷ್ಟು ಪದ ಬೇಕಿಲ್ಲ. ‘ಹಸಿ ವಾಸನೆ’ ಅಂದರೆ ಯಾವ ಅಡುಗೆಮನೆಯಲ್ಲೂ ಗೊತ್ತಾಗುತ್ತದೆ.

ಹೀಗೆ ನೋಡುತ್ತಾ ಹೋದರೆ ಕೆಟ್ಟ ವಾಸನೆಗಳಿಗೆ ಕನ್ನಡದಲ್ಲಿ ಎಷ್ಟು ಚೊಕ್ಕ ಪದಗಳಿವೆ! ಹಳೆಯ ಎಣ್ಣೆಗೆ ಕಮಟು, ಮಳೆಗಾಲದ ಬಟ್ಟೆಗೆ ಮುಗ್ಗಲು, ತಳ ಹಿಡಿದ ಪಾತ್ರೆಗೆ ಸೀದ ವಾಸನೆ, ಒಗ್ಗರಣೆಯ ಮೆಣಸಿನಕಾಯಿಗೆ ಘಾಟು. ಒಳ್ಳೆಯ ವಾಸನೆಗೆ ಬಂದಾಗ ಪರಿಮಳ, ಘಮ, ಕಂಪು, ಸುವಾಸನೆ ಅಂತ ಸುತ್ತುತ್ತೇವೆ. ಯಾವುದರ ಪರಿಮಳ ಅಂತ ಹೇಳಲು ವಸ್ತುವಿನ ಹೆಸರನ್ನೇ ಸೇರಿಸಬೇಕು: ಏಲಕ್ಕಿ ಘಮ, ಕಾಫಿ ಘಮ. ಒಂದು ಪದ ಮಾತ್ರ ಬೇರೆ ಥರ ನಿಲ್ಲುತ್ತದೆ. ಅದು ಸೊಗಡು. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸಿದ ಮೇಲೆ ಬೆರಳಿಗೆ ಎಣ್ಣೆಯಂಥ ಜಿಡ್ಡು ಹತ್ತುತ್ತದೆ, ಕೈ ತೊಳೆದರೂ ಮೂಗಿಗೆ ಹಿಡಿದರೆ ಘಮ್ ಅನ್ನುತ್ತದೆ. ಅದು ಸೊಗಡು. ಮುಟ್ಟುವುದೂ ಮೂಸುವುದೂ ಆ ಒಂದೇ ಪದದಲ್ಲಿ ಸೇರಿವೆ. ಈಗ ಎಲ್ಲರೂ ‘ಹಳ್ಳಿಯ ಸೊಗಡು’, ‘ಭಾಷೆಯ ಸೊಗಡು’ ಅಂತ ಮಾತ್ರ ಬರೆಯುತ್ತಾರೆ. ಕೈಗೆ ಹತ್ತುವ ಸೊಗಡು ಮಕ್ಕಳಿಗೆ ಉಳಿಯಬೇಕು ಅಂತ ನನ್ನ ಆಸೆ. ಅವರೆ ಸಿಪ್ಪೆಯನ್ನು ಉಂಡೆಗೆ ಉಜ್ಜಿ ಕೊಟ್ಟೆ ಒಮ್ಮೆ. ತುಂಬಾ ಹೊತ್ತು ಕೈ ಮೂಸಿಕೊಂಡೇ ಓಡಾಡಿದವು ಮಕ್ಕಳು.

ವಾಸನೆ ಅನ್ನುವ ಪದದ ಮೇಲೆ ನನಗೆ ಮರುಕ. ಗದಗ ಕಡೆ ‘ಛಲೋ ವಾಸನಿ’ ಅಂತ ಇನ್ನೂ ಧೈರ್ಯವಾಗಿ ಹೇಳುತ್ತಾರೆ. ಇಲ್ಲಿ ‘ವಾಸನೆ ಬರ್ತಿದೆ’ ಅಂದರೆ ಎಲ್ಲರೂ ಮೂಗು ಮುಚ್ಚಿ ಕಿಟಕಿ ತೆಗೆಯುತ್ತಾರೆ. ಹಳೆಯ ತಮಿಳಿನಲ್ಲಿ ನಾಱ್ಱಂ ಅಂದರೆ ಪರಿಮಳವೂ ಆಗುತ್ತಿತ್ತು, ಈಗ ದುರ್ನಾತ ಮಾತ್ರ. ನಮ್ಮ ವಾಸನೆಯೂ ಅದೇ ದಾರಿ ಹಿಡಿದಿದೆ ಅನಿಸುತ್ತದೆ. ಮಕ್ಕಳ ಹಾಳೆಯಲ್ಲಾದರೂ ಅದನ್ನು ನಡುಮಧ್ಯೆ ನಿಲ್ಲಿಸಬೇಕು ಅಂತಿದ್ದೇನೆ. ‘ಇದರ ವಾಸನೆ ಹೇಗಿದೆ?’ ಅಂತ ಕೇಳಿದರೆ ಮಗು ತಾನೇ ಹೇಳಲಿ. ‘ಪರಿಮಳ ಹೇಗಿದೆ?’ ಅಂತ ಕೇಳಿದರೆ ಉತ್ತರವನ್ನು ನಾವೇ ಹೇಳಿಕೊಟ್ಟ ಹಾಗೆ.

ಸೆನ್ಸರಿ ಪ್ಲೇಗೆ ‘ಇಂದ್ರಿಯಾನುಭವದ ಆಟ’ ಅಂತ ಕೆಲವರು ಬರೆಯುವುದನ್ನು ನೋಡಿದ್ದೇನೆ. ನಮ್ಮ ಹಾಳೆ ಓದುವ ಅಮ್ಮಂದಿರಿಗೆ ಅದು ಬಾಯಿಗೆ ಬಾರದ ಮಾತು. ‘ಮುಟ್ಟಿ ಮೂಸಿ ಆಡುವ ಆಟ’ ಅಂದರೆ ಸಾಲದಾ? ಮೂಸು ಅಂದರೆ ನಾಯಿಗೆ ಹೇಳಿದ ಹಾಗಾಗುತ್ತದೆ ಅಂತ ನನ್ನ ಜೊತೆಯ ಶಿಕ್ಷಕಿ ಹೇಳಿದರು. ‘ಮೂಸಿಯೂ ನೋಡುವುದಿಲ್ಲ’ ಅಂತ ನಾವು ಮನುಷ್ಯರ ಬಗ್ಗೆಯೇ ಹೇಳುವುದಲ್ವಾ? ಮಾಂಟೆಸ್ಸರಿ ಶಾಲೆಗಳಲ್ಲಿ ಜೋಡಿ ಜೋಡಿ ಡಬ್ಬಿಗಳಲ್ಲಿ ಲವಂಗ, ಕಾಫಿ ಪುಡಿ ಇಂಥವು ಇಟ್ಟು, ಕಣ್ಣು ಮುಚ್ಚಿ ಜೋಡಿ ಹುಡುಕಿಸುವ ಆಟ ಇದೆ. ಅದಕ್ಕೆ ನಾನು ‘ಮೂಸುವ ಡಬ್ಬಿ’ ಅನ್ನುತ್ತೇನೆ. ಮಕ್ಕಳು ಒಂದೇ ದಿನಕ್ಕೆ ಕಲಿತರು.

ಕೆಲಸದ ಪದಗಳ ವಿಷಯದಲ್ಲಿ ನನಗೆ ಕಷ್ಟವೇ ಆಗಲಿಲ್ಲ. ಬಾಣಲೆಯಲ್ಲಿ ಎಲ್ಲವನ್ನೂ ಕಲಸಿ, ಸಣ್ಣ ಉರಿಯಲ್ಲಿ ಕೆದಕುತ್ತಾ, ತಳ ಬಿಟ್ಟು ಒಂದೇ ಉಂಡೆಯಾಗುವವರೆಗೆ ಬೇಯಿಸಬೇಕು. ಅತ್ತೆಯವರು ಪಕ್ಕದಲ್ಲಿ ನಿಂತು ನೋಡಿ, “ಉಕ್ಕರಿಸೋದು ಅನ್ನು, ಅಷ್ಟಕ್ಕೆ ಇಷ್ಟುದ್ದ ಯಾಕೆ?” ಅಂದರು. ನಿಜ, ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಆಮೇಲೆ ನಾದುವುದು. ಮೈಸೂರು ಕಡೆ ಮಿದಿ, ಮಿದ್ದು ಅನ್ನುತ್ತಾರೆ. ತಮಿಳಿನ ಮಿತಿ ಇದರ ಬಳಗದ್ದು, ಅಲ್ಲಿ ಅದು ಕಾಲಲ್ಲಿ ತುಳಿಯುವುದು. ಕುಂಬಾರರು ಮಣ್ಣು ತುಳಿಯುವುದನ್ನು ನೆನೆಸಿಕೊಂಡರೆ ಎರಡೂ ಒಂದೇ ಕೆಲಸ.

ಇಂಗ್ಲಿಷಿನ ಹಾಳೆಯಲ್ಲಿ ‘ರೋಲ್ ಮಾಡಿ’ ಅಂತ ಮೂರು ಕಡೆ ಇತ್ತು. ಕನ್ನಡದಲ್ಲಿ ಬರೆದಾಗ ಮೂರೂ ಬೇರೆಯಾದವು. ಅಂಗೈಯಲ್ಲಿ ಗುಂಡಗೆ ಮಾಡಿದರೆ ಉಂಡೆ ಕಟ್ಟುವುದು. ಹಾವಿನ ಹಾಗೆ ಉದ್ದಕ್ಕೆ ಮಾಡಿದರೆ ಹೊಸೆಯುವುದು. ಲಟ್ಟಣಿಗೆಯಲ್ಲಿ ಅಗಲ ಮಾಡಿದರೆ ಲಟ್ಟಿಸುವುದು. ನಮ್ಮ ತರಗತಿಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ ನಾಲಿಗೆ ಹೊರಗೆ ಚಾಚಿಕೊಂಡು ಹಾವು ಮಾಡುತ್ತಿದ್ದ. ನಾನು “ಏನು ಮಾಡ್ತಿದ್ದೀಯಪ್ಪ?” ಅಂದೆ. “ಅಜ್ಜಿ ಬತ್ತಿ ಮಾಡ್ದಂಗೆ” ಅಂದ. ಕ್ರಿಯೆ ಗೊತ್ತಿತ್ತು, ಪದ ಇರಲಿಲ್ಲ. “ಹೊಸೀತಿದ್ದೀಯ” ಅಂತ ಹೇಳಿಕೊಟ್ಟೆ. ಸಂಜೆ ಮನೆಗೆ ಹೋಗುವವರೆಗೂ ಹೊಸೀತೀನಿ, ಹೊಸೀತೀನಿ ಅಂತಲೇ ಇದ್ದ.

ಘಮದ ಎಣ್ಣೆಯ ಬಗ್ಗೆ ಒಂದು ಮಾತು. ಕರ್ಪೂರ, ನೀಲಗಿರಿ ಎಣ್ಣೆ ಬೇಡವೇ ಬೇಡ ಅಂತ ದಪ್ಪಕ್ಷರದಲ್ಲಿ ಹಾಕುತ್ತೇನೆ. ಸ್ವಲ್ಪ ನುಂಗಿದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ತಿಂಡಿಯ ನೆನಪು ತರದ, ಆದರೆ ಹಿತವಾದ ಘಮಗಳನ್ನು ಈ ಸಲ ಹುಡುಕುತ್ತಿದ್ದೇನೆ. ಲಾವಂಚದ ಬೇರು ನೆನೆಸಿದ ನೀರು, ದವನ, ಮರುಗ. ಹೂವಿನವರ ಬುಟ್ಟಿಯಲ್ಲಿ ದವನ ಸುಲಭವಾಗಿ ಸಿಗುತ್ತದೆ.

ನಿಮ್ಮನ್ನು ಕೇಳುವುದು ಇಷ್ಟು. ‘ಆಟದ ಜೇಡಿ’ ನಿಮ್ಮೂರಿನ ಕಿವಿಗೆ ಹೇಗೆ ಕೇಳಿಸುತ್ತದೆ? ಉಕ್ಕರಿಸು ಅನ್ನುವುದು ಕಲಬುರಗಿ, ಬೀದರ್ ಕಡೆ ಅರ್ಥವಾಗುತ್ತದಾ, ಅಥವಾ ಜೋಳದ ರೊಟ್ಟಿಯ ಎಸರಿನ ಮಾತು ಹಾಕಲಾ? ಕರಾವಳಿಯವರು ಕಲಸಿ ನಾದಿದ್ದಕ್ಕೆ ಏನನ್ನುತ್ತೀರಿ? ಮಗು ಮುಟ್ಟಿ ಹೇಳುವ ಪದಗಳೂ ಬೇಕು. ನನ್ನ ಹತ್ತಿರ ಮೆತ್ತಗೆ, ಜಿಗುಟು, ನುಣ್ಣಗೆ, ತರಿತರಿ ಇವೆ. ಹಸಿ ಜೇಡಿಯ ತಣ್ಣನೆಯ ಮೆದುವಿಗೆ ನನ್ನ ಅಜ್ಜಿ ಒಂದು ಪದ ಹೇಳುತ್ತಿದ್ದರು, ನೆನಪಿನಿಂದ ಜಾರಿಹೋಗಿದೆ. ಗದಗ, ಕೊಪ್ಪಳ ಕಡೆಯವರಿಗೆ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಹಾಳೆ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.