ಪದಚರ್ಚೆ: ಹಳೆ ಜಿನ್‌ಫ್ಯಾಂಡೆಲ್ ರುಚಿಗೆ ‘ಮಾಗಿದೆ’ ಅಂದರೆ ಸಾಕೇ?

ಗೆಳೆಯರೇ,

ಒಂದು ಪದದ ವಿಷಯಕ್ಕೆ ನಿಮ್ಮೆಲ್ಲರ ಸಹಾಯ ಬೇಕು. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ರುಚಿ ಎಂಥದ್ದು ಅಂತ ಹೇಳದೆ ಸುಮ್ನೆ ಪದ ಕೇಳಿದರೆ ಉತ್ತರ ಕೊಡುವವರಿಗೆ ಕಷ್ಟ, ಅಲ್ವಾ?

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. 2010ರಲ್ಲಿ ಸೊನೋಮಾದ ಡ್ರೈ ಕ್ರೀಕ್ ಕಣಿವೆಗೆ ಹೋದಾಗ ಜಿನ್‌ಫ್ಯಾಂಡೆಲ್ ಅನ್ನುವ ಕೆಂಪು ವೈನಿನ ಆರು ಬಾಟಲಿ ತಂದೆವು. ಆರೂ 2007ರ ಕೊಯ್ಲಿನವು. ಒಂದನ್ನು ಬಂದ ವಾರವೇ ತೆಗೆದೆವು. ಉಳಿದವನ್ನು ಕೆಲವು ವರ್ಷಕ್ಕೊಂದರಂತೆ ತೆಗೆಯುವುದು ಅಂತ ಮನೆಯಲ್ಲಿ ಮಾತಾಯಿತು. ಪ್ರತಿ ಸಲವೂ ರುಚಿ ಹೇಗಿತ್ತು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೆ. ಹೋದ ತಿಂಗಳು ಆ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. 2013ರದರಲ್ಲಿ ‘ಚೆನ್ನಾಗಿ ಮಾಗಿದೆ’. 2016ರದರಲ್ಲಿ ‘ತುಂಬಾ ಮಾಗಿದೆ’. 2023ರದರಲ್ಲಿ ‘ಪೂರ್ತಿ ಮಾಗಿದೆ’. ಕುಡಿದದ್ದು ಮೂರು ಬೇರೆ ಬೇರೆ ರುಚಿ. ಅದು ನನಗೆ ಇವತ್ತಿಗೂ ನೆನಪಿದೆ. ಬರೆದದ್ದು ಮಾತ್ರ ಒಂದೇ ಪದ. ಕನ್ನಡದಲ್ಲಿ ಇದಕ್ಕೆ ಬೇರೆ ಬೇರೆ ಮಾತು ಇಲ್ಲವೇ ಅಂತ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ.

ಮೊದಲು ಹಣ್ಣಿನ ಬಗ್ಗೆ ನಾಲ್ಕು ಮಾತು. ಜಿನ್‌ಫ್ಯಾಂಡೆಲ್ ದ್ರಾಕ್ಷಿ ಒಂದೇ ಹದಕ್ಕೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ ಇರುತ್ತೆ, ದೋರುಗಾಯಿ ಇರುತ್ತೆ, ಹಣ್ಣು ಇರುತ್ತೆ, ಬಳ್ಳಿಯಲ್ಲೇ ಸುಕ್ಕಾಗಿ ಒಣದ್ರಾಕ್ಷಿಯಾದದ್ದೂ ಇರುತ್ತೆ. ಕಾಯಿ ಹಣ್ಣಾಗಲಿ ಅಂತ ಕಾದರೆ ಹಣ್ಣು ಒಣಗುತ್ತೆ. ಅದಕ್ಕೇ ಇದರಲ್ಲಿ ಸಕ್ಕರೆ ಜಾಸ್ತಿ. ಸಕ್ಕರೆ ಜಾಸ್ತಿಯಾದ್ದರಿಂದ ಆಲ್ಕೋಹಾಲೂ ಜಾಸ್ತಿ: ನೂರಕ್ಕೆ 14, 15, ಕೆಲವು ಸಲ 16. ಸೊನೋಮಾದಲ್ಲಿ 1880ರ ದಶಕದಲ್ಲಿ ನೆಟ್ಟ ಬಳ್ಳಿಗಳು ಇನ್ನೂ ಫಲ ಕೊಡುತ್ತಿವೆ. ಮೊಣಕಾಲೆತ್ತರದ ದಪ್ಪ ಕಾಂಡ, ಮೇಲೆ ನಾಲ್ಕೈದು ತೋಳು. ಆ ಕಾಲದ ತೋಟಗಳಲ್ಲಿ ಜಿನ್‌ಫ್ಯಾಂಡೆಲ್ ಜೊತೆಗೆ ಪೆಟಿಟ್ ಸಿರಾ, ಕ್ಯಾರಿನ್ಯಾನ್ ತರಹದ ಬೇರೆ ಬಳ್ಳಿಗಳನ್ನೂ ಬೆರೆಸಿ ನೆಡುತ್ತಿದ್ದರು, ಎಲ್ಲವನ್ನೂ ಒಟ್ಟಿಗೆ ಕೊಯ್ದು ಒಂದೇ ತೊಟ್ಟಿಗೆ ಹಾಕುತ್ತಿದ್ದರು. ನಮ್ಮ ಬಾಟಲಿಯೂ ಅಂಥ ತೋಟದ್ದು.

ಹೆಸರಿನ ಕತೆಯೂ ಪದಪ್ರಿಯರಿಗೆ ಇಷ್ಟವಾಗುತ್ತೆ, ಅದಕ್ಕೆ ಹೇಳುತ್ತೇನೆ. ಇದು ಅಮೆರಿಕದ ಬಳ್ಳಿಯಲ್ಲ. 1820ರ ದಶಕದಲ್ಲಿ ವಿಯೆನ್ನಾದಿಂದ ಲಾಂಗ್ ಐಲೆಂಡಿನ ಸಸಿ ವ್ಯಾಪಾರಿಯೊಬ್ಬರ ಕೈಗೆ ಬಂತು, ಚಿನ್ನದ ಬೇಟೆಯ ಕಾಲದಲ್ಲಿ ಕ್ಯಾಲಿಫೋರ್ನಿಯಾ ಸೇರಿತು. ಮೂಲ ಎಲ್ಲಿ ಅಂತ ಬಹಳ ಕಾಲ ಹುಡುಕಿದರು. ಡೇವಿಸ್ ವಿಶ್ವವಿದ್ಯಾಲಯದ ಕ್ಯಾರಲ್ ಮೆರೆಡಿತ್ ಮತ್ತು ಕ್ರೊಯೇಷಿಯಾದ ಇಬ್ಬರು ವಿಜ್ಞಾನಿಗಳು ಸೇರಿ 2001ರಲ್ಲಿ ಡಿಎನ್‌ಎ ಹೋಲಿಸಿ ನೋಡಿದಾಗ, ಕ್ರೊಯೇಷಿಯಾದ ಕಡಲತೀರದ ಕಾಷ್ಟೆಲಾ ಅನ್ನುವ ಕಡೆ ಉಳಿದಿದ್ದ ಕೆಲವೇ ಬಳ್ಳಿಗಳ ಜೊತೆ ತಾಳೆಯಾಯಿತು. ಅಲ್ಲಿನ ಹೆಸರಿಗೆ ‘ಕಾಷ್ಟೆಲಾದ ಕೆಂಪು’ ಅಂತ ಅರ್ಥ. ಇಟಲಿಯ ಪುಲಿಯಾದಲ್ಲಿ ಇದೇ ದ್ರಾಕ್ಷಿಗೆ ಪ್ರಿಮಿಟಿವೋ ಅನ್ನುತ್ತಾರೆ, ಅಂದರೆ ಬೇಗ ಹಣ್ಣಾಗುವುದು.

ಈಗ ಚೀಟಿಗಳಿಗೆ ಬರುತ್ತೇನೆ.

2010ರಲ್ಲಿ ತೆಗೆದಾಗ ವೈನಿಗೆ ಮೂರು ವರ್ಷ. ಬಣ್ಣ ಕಡು ನೇರಳೆ. ಲೋಟ ಮೂಗಿನ ಹತ್ತಿರ ತಂದರೆ ಕಳಿತ ಹಿಪ್ಪುನೇರಳೆ ಹಣ್ಣಿನ ಕಂಪು, ಹಿಂದೆಯೇ ಕುಟ್ಟಿದ ಕಾಳುಮೆಣಸಿನ ಘಾಟು, ಅದರ ಹಿಂದೆ ಓಕ್ ಪೀಪಾಯಿ ಕೊಟ್ಟ ವೆನಿಲ್ಲಾ. ಬಾಯಿಗೆ ಹಾಕಿದರೆ ಹಣ್ಣು ಒಂದು ಕಡೆ, ಒಗರು ಒಂದು ಕಡೆ, ಘಾಟು ಒಂದು ಕಡೆ. ಯಾವುದೂ ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ.

ಈ ‘ಒಗರು’ ಪದದ ಮೇಲೆ ಸ್ವಲ್ಪ ನಿಲ್ಲುತ್ತೇನೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಕೆಂಪು ವೈನಿಗೆ ಇಳಿಯುವ ಟ್ಯಾನಿನ್ ಅನ್ನುವ ವಸ್ತು ನಾಲಿಗೆಗೆ ಮಾಡುವ ಕೆಲಸಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿಲ್ಲ. ಕೆಲವರು ಷಡ್ರಸಗಳಲ್ಲಿ ಹೇಳುವ ‘ಕಷಾಯ’ವನ್ನು ಬಳಸಿ ಅನ್ನುತ್ತಾರೆ. ಅದೇ ರುಚಿ, ನಿಜ. ಆದರೆ ಇವತ್ತಿನ ಕನ್ನಡಿಗರಿಗೆ ಕಷಾಯ ಅಂದರೆ ನೆಗಡಿಗೆ ಕುಡಿಯುವ ಶುಂಠಿ, ಜೀರಿಗೆಯ ಬಿಸಿನೀರು. ಒಗರು ಅಂದ ಕೂಡಲೇ ನೇರಳೆಹಣ್ಣು, ಗೇರುಹಣ್ಣು, ಬಾಳೆಕಾಯಿ ನೆನಪಾಗುತ್ತೆ. ಗೇರುಹಣ್ಣು ತಿಂದ ಮೇಲೆ ಮಕ್ಕಳು ‘ನಾಲಿಗೆ ದಪ್ಪ ಆಯ್ತು’ ಅನ್ನುತ್ತಾರಲ್ಲ, ಅದು ರುಚಿಗಿಂತ ಹೆಚ್ಚಾಗಿ ಮುಟ್ಟಿದ ಅನುಭವ. ಟ್ಯಾನಿನ್ ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುತ್ತೆ, ನಾಲಿಗೆಯ ಜಾರು ಹೋಗುತ್ತೆ. ನಮ್ಮ ಕಡೆ, ಸಾಗರದ ಸುತ್ತಮುತ್ತ, ಹಸಿ ಅಡಿಕೆ ಬೇಯಿಸಿದ ನೀರು ಕಡುಗೆಂಪಾಗಿ ಗಟ್ಟಿಯಾಗುತ್ತದಲ್ಲ, ಅದಕ್ಕೆ ‘ಚೊಗರು’ ಅನ್ನುತ್ತೇವೆ. ಅದೂ ಟ್ಯಾನಿನ್ನೇ. ಅಡಿಕೆಗೆ ಕೆಂಪು ಹೊಳಪು ಬರಲಿ ಅಂತ ಅದೇ ಚೊಗರಿನಲ್ಲಿ ಅದ್ದುತ್ತಾರೆ. ಬಣ್ಣ ಮತ್ತು ಒಗರು ಜೊತೆಜೊತೆಗೇ ಇರುತ್ತವೆ ಅನ್ನುವುದನ್ನು ಅಡಿಕೆ ಬೇಯಿಸಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವೈನಿನಲ್ಲಿಯೂ ಹಾಗೇ. ವರ್ಷ ಕಳೆದಂತೆ ಬಣ್ಣದ ಕಣಗಳು, ಒಗರಿನ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗಿ, ಭಾರವಾಗಿ ತಳಕ್ಕೆ ಕೂರುತ್ತವೆ. ನೇರಳೆ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತೆ, ಒಗರು ಮೆತ್ತಗಾಗುತ್ತೆ.

2013ರಲ್ಲಿ ಆದದ್ದು ಇದರ ಮೊದಲ ಹಂತ. ಹಣ್ಣು ಹಾಗೇ ಇತ್ತು, ಒಗರೂ ಇತ್ತು, ಮೆಣಸೂ ಇತ್ತು. ಆದರೆ ಬಿಡಿಬಿಡಿಯಾಗಿ ಇರಲಿಲ್ಲ. ಇದಕ್ಕೆ ನಾನು ‘ಮಾಗಿದೆ’ ಅಂತ ಬರೆದದ್ದು ತಪ್ಪು ಅಂತ ಈಗ ಅನ್ನಿಸುತ್ತೆ. ನಮ್ಮ ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತೆಗೆದು, ಒಂದು ಮಿಡಿ ಕಚ್ಚಿ ನೋಡಿ, ‘ಇನ್ನೂ ಕೂಡಿಲ್ಲ’ ಅಂತ ಮತ್ತೆ ಬಟ್ಟೆ ಕಟ್ಟಿಡುತ್ತಿದ್ದರು. ಉಪ್ಪು, ಖಾರ, ಹುಳಿ, ಸೊನೆಯ ಪರಿಮಳ ಎಲ್ಲ ಒಂದಾದ ಮೇಲೆ ‘ಈಗ ಕೂಡಿದೆ’ ಅನ್ನುತ್ತಿದ್ದರು. ನನ್ನ 2013ರ ಬಾಟಲಿಗೆ ಬೇಕಾದ ಪದ ಅದೇ. ಕೂಡಿದೆ.

2016ರದು ಬೇರೆಯೇ. ಒಂಬತ್ತು ವರ್ಷದ ವೈನ್. ಲೋಟ ಓರೆ ಮಾಡಿ ಬಿಳಿ ಬಟ್ಟೆಯ ಮೇಲೆ ಹಿಡಿದರೆ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಹಸಿ ಹಣ್ಣಿನ ಕಂಪು ಹಿಂದೆ ಸರಿದು ಒಣ ಅಂಜೂರ, ಖರ್ಜೂರ ಮುಂದೆ ಬಂದಿದ್ದವು. ಹಳೆ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುವ ವಾಸನೆ. ಸ್ವಲ್ಪ ಹೊಗೆಸೊಪ್ಪು. ಮೆಣಸಿನ ಘಾಟು ಹೋಗಿ ಮೆಣಸಿನ ಪರಿಮಳ ಮಾತ್ರ ಉಳಿದಿತ್ತು. ನುಂಗಿದ ಮೇಲೆ ಬಹಳ ಹೊತ್ತು ಬಾಯಲ್ಲಿ ಇರುತ್ತಿತ್ತು. ನಾನು ಕುಡಿದ ಜಿನ್‌ಫ್ಯಾಂಡೆಲ್‌ಗಳಲ್ಲಿ ಇದಕ್ಕಿಂತ ಚೆನ್ನಾಗಿದ್ದದ್ದು ಇನ್ನೊಂದಿಲ್ಲ.

ಇದಕ್ಕೆ ‘ಮಾಗಿದೆ’ ಸರಿಯೇ? ಮೊದಲು ಇಲ್ಲ ಅನ್ನಿಸಿತು. ಮಾವು ಮಾಗಿತು ಅಂದರೆ ಹಣ್ಣಿನ ಗುಣ ಹೆಚ್ಚಾಯಿತು ಅಂತ. ಇಲ್ಲಿ ಉಲ್ಟಾ. ಹೊಸ ಜಿನ್‌ಫ್ಯಾಂಡೆಲ್ಲಿನಲ್ಲೇ ಹಣ್ಣು ಜಾಸ್ತಿ, ವರ್ಷ ಕಳೆದಂತೆ ಹಣ್ಣು ಕಡಿಮೆ. ಹೀಚು, ಕಾಯಿ, ದೋರುಗಾಯಿ, ಹಣ್ಣು, ಕಳಿತ ಹಣ್ಣು ಅಂತ ನಮ್ಮಲ್ಲಿ ಎಷ್ಟು ಚೆಂದದ ಪದಸಾಲು ಇದೆ! ಅದನ್ನೇ ವೈನಿಗೆ ಹಾಕೋಣ ಅಂದರೆ ಈ ಕಾರಣಕ್ಕೇ ಆಗುವುದಿಲ್ಲ. ಆಮೇಲೆ ಹೊಳೆಯಿತು. ಗಾಯವೂ ಮಾಗುತ್ತೆ. ‘ಗಾಯ ಮಾಗಿದೆ’ ಅನ್ನುವಾಗ ಹಣ್ಣಿನ ಮಾತೇ ಇಲ್ಲ. ಉರಿ ಹೋಗಿ, ಊತ ಇಳಿದು, ಮುಟ್ಟಿದರೆ ನೋವಿಲ್ಲದ ಹಾಗೆ ಆಗಿದೆ ಅಂತ. ವಯಸ್ಸಿನಿಂದ ಮಾಗಿದ ಮನುಷ್ಯ ಅನ್ನುವಾಗಲೂ ಅದೇ ಅರ್ಥ ಇದೆ ಅಲ್ವಾ? ಆ ಅರ್ಥ ಹಿಡಿದರೆ 2016ರ ಚೀಟಿಯಲ್ಲಿ ಬರೆದದ್ದು ಸರಿ. ಇಲ್ಲಿ ನನ್ನ ಮೊದಲ ಪ್ರಶ್ನೆ: ನಿಮ್ಮ ಕಡೆ ‘ಗಾಯ ಮಾಗಿತು’ ಬಳಕೆಯಲ್ಲಿದೆಯೇ, ಅಥವಾ ‘ಮಾಯಿತು’ ಮಾತ್ರವೇ? ಓದುವವರಿಗೆ ‘ಮಾಗಿದ ವೈನ್’ ಅಂದಾಗ ಮಾವಿನಹಣ್ಣೇ ಕಣ್ಣಿಗೆ ಬರುತ್ತದೆಯೇ?

2020ರ ಬಾಟಲಿ ಕೆಟ್ಟಿತ್ತು. ಬಿರಡೆ ತೆಗೆದ ಕೂಡಲೇ ಒದ್ದೆ ರಟ್ಟಿನ ವಾಸನೆ. ಕಾರ್ಕ್ ಬಿರಡೆಯಲ್ಲಿ ಸೇರಿಕೊಳ್ಳುವ ಟಿಸಿಎ ಅನ್ನುವ ರಾಸಾಯನಿಕದಿಂದ ಹೀಗಾಗುತ್ತೆ. ಒಂದು ಹನಿಗಿಂತ ಎಷ್ಟೋ ಪಾಲು ಕಡಿಮೆ ಇದ್ದರೂ ಮೂಗಿಗೆ ಹತ್ತುತ್ತೆ. ಇದಕ್ಕೆ ಪದ ಹುಡುಕಬೇಕಾಗಲಿಲ್ಲ. ಮಳೆಗಾಲದಲ್ಲಿ ಅಕ್ಕಿ ಮುಗ್ಗುವುದನ್ನು ನೋಡಿದವರಿಗೆ ‘ಮುಗ್ಗಲು’ ಅಂದರೆ ಸಾಕು.

ನಿಜವಾದ ಕಷ್ಟ 2023ರದು. ಹದಿನಾರು ವರ್ಷ. ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ತಿಳಿ ಬಗ್ಗಿಸಿದೆ. ತಳದಲ್ಲಿ ಒಂದು ಬೆರಳಷ್ಟು ಕಪ್ಪು. (ಇದಕ್ಕೆ ನಾನು ಚರಟ ಅನ್ನುತ್ತೇನೆ, ಕಾಫಿ ಚರಟದ ಹಾಗೆ. ಗಸಿ ಅನ್ನಬಹುದು, ಆದರೆ ಕರಾವಳಿಯವರಿಗೆ ಗಸಿ ಅಂದರೆ ಊಟದ ಪದಾರ್ಥ. ಮಡ್ಡಿ ಅಂದರೆ ಎಣ್ಣೆ ನೆನಪಾಗುತ್ತೆ.) ಮೊದಲ ಹತ್ತು ನಿಮಿಷ ಬಹಳ ಚೆನ್ನಾಗಿತ್ತು. ಹಳೆ ಹುಣಸೆಹಣ್ಣು ಇರುತ್ತಲ್ಲ, ಎರಡು ಮೂರು ವರ್ಷ ಭರಣಿಯಲ್ಲಿ ಕೂತು ಕಪ್ಪಾದದ್ದು, ಆ ವಾಸನೆ. ಆರಿದ ಚಹಾ. ಮಳೆ ಬಿದ್ದ ಮೇಲೆ ತೋಟದಲ್ಲಿ ಒದ್ದೆಯಾದ ತರಗೆಲೆ. ಒಗರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಂಪು ಕರಗಿತು. ಹುಳಿ ಮುಂದೆ ಬಂತು, ಅದರ ಜೊತೆ ಆಲ್ಕೋಹಾಲಿನ ಘಾಟು. ಈ ಎರಡೂ ಹೊಸದಾಗಿ ಹುಟ್ಟಿದ್ದಲ್ಲ. ಹುಳಿ ವರ್ಷ ಕಳೆದರೂ ಹೆಚ್ಚು ಬದಲಾಗುವುದಿಲ್ಲ, ಆಲ್ಕೋಹಾಲೂ ಇಳಿಯುವುದಿಲ್ಲ. ಮುಚ್ಚಿಕೊಂಡಿದ್ದ ಹಣ್ಣು ಹೋದ ಮೇಲೆ ಅವು ಕಾಣಿಸಿಕೊಂಡವು ಅಷ್ಟೇ. ಬಹುಪಾಲು ಜಿನ್‌ಫ್ಯಾಂಡೆಲ್‌ಗಳನ್ನು ಮೂರರಿಂದ ಐದು ವರ್ಷದೊಳಗೆ ಕುಡಿಯಿರಿ ಅಂತ ಇಲ್ಲಿನವರು ಹೇಳುವುದು ಇದಕ್ಕೇ. ಹಳೆ ತೋಟದ, ಪೆಟಿಟ್ ಸಿರಾದ ಒಗರು ಬೆರೆತ ಕೆಲವು ಮಾತ್ರ ಹತ್ತು, ಹದಿನೈದು ವರ್ಷ ತಡೆಯುತ್ತವೆ. ನಾಸಿಕ್ ಕಡೆಯ ಜಿನ್‌ಫ್ಯಾಂಡೆಲ್ ಕುಡಿದು ಗೊತ್ತಿರುವವರು ದಯವಿಟ್ಟು ಅದನ್ನು ಹೀಗೆ ವರ್ಷಗಟ್ಟಲೆ ಇಡಬೇಡಿ. ಅದು ಹೊಸದಿದ್ದಾಗಲೇ ಚೆಂದ.

ಈ ಹದಿನಾರು ವರ್ಷದ ರುಚಿಗೆ ಏನನ್ನಲಿ? ‘ಹಳಸಿದೆ’ ಅನ್ನಲು ಮನಸ್ಸಾಗುವುದಿಲ್ಲ. ಹಳಸುವುದು ಅನ್ನ, ಸಾರು. ಅಲ್ಲಿ ಚೆಲ್ಲುವ ಮಾತಿದೆ, ಇಲ್ಲಿ ಕೊನೆಯ ಹನಿಯವರೆಗೂ ಕುಡಿದೆವು. ‘ಕೆಟ್ಟಿದೆ’ ಸುಳ್ಳು. ‘ಬಾಡಿದೆ’ ಹತ್ತಿರ ಬರುತ್ತೆ, ಆದರೆ ಬಾಡಿದ ಹೂವಿನಲ್ಲಿ ಆ ಹುಣಸೆ, ಆ ತರಗೆಲೆಯ ಕಂಪು ಇರುವುದಿಲ್ಲ. ‘ಮುದಿ’ ಅನ್ನುವುದರಲ್ಲಿ ಸ್ವಲ್ಪ ಬೈಗುಳ ಇದೆ.

ನನಗೆ ಹೊಳೆದಿರುವುದು ‘ಇಳಿ’. ಇಳಿಹೊತ್ತು, ಇಳಿಬಿಸಿಲು, ಇಳಿವಯಸ್ಸು. ಮೂರರಲ್ಲೂ ಮುಗಿಯುತ್ತಾ ಬಂತು ಅನ್ನುವುದಿದೆ, ಹೀಯಾಳಿಕೆ ಇಲ್ಲ. ಇಳಿಬಿಸಿಲಿಗೆ ಅದರದ್ದೇ ಒಂದು ಬಣ್ಣವೂ ಇದೆ. ಹಾಗಾದರೆ ‘ಇಳಿರುಚಿ’ ಅನ್ನಬಹುದೇ? ‘ವೈನ್ ಇಳಿಗೆ ಬಂದಿದೆ’ ಅನ್ನಬಹುದೇ? ನನಗೆ ಇರುವ ಅನುಮಾನ ಏನೆಂದರೆ, ‘ಬೆಲೆ ಇಳಿದಿದೆ’, ‘ಗುಣಮಟ್ಟ ಇಳಿದಿದೆ’ ಅಂತ ದಿನಾ ಓದುವವರಿಗೆ ಇದೂ ಹಾಗೇ ಕೇಳಿಸಬಹುದು. ವ್ಯಾಕರಣ ಬಲ್ಲವರು ಸಮಾಸ ಸರಿಯೇ ಅಂತಲೂ ನೋಡಿ ಹೇಳಿ.

ಹಳೆ ಹುಣಸೆ, ಹಳೆ ಬೆಲ್ಲ, ಹಳೆ ಜೇನು, ಹಳೆ ಉಪ್ಪಿನಕಾಯಿ ಮನೆಯಲ್ಲಿ ಇಟ್ಟು ಬಳಸುವವರು ಈ ಗುಂಪಿನಲ್ಲಿ ಬಹಳ ಜನ ಇದ್ದೀರಿ. ತಿನ್ನಲು ಇನ್ನೂ ಚೆನ್ನಾಗಿದೆ, ಆದರೆ ಒಳ್ಳೆಯ ಕಾಲ ದಾಟಿದೆ ಅನ್ನುವ ಹದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಕಲಬುರಗಿ, ಬೆಳಗಾವಿ ಕಡೆಯವರು, ಮಂಗಳೂರಿನವರು, ಚಾಮರಾಜನಗರದವರು ಎಲ್ಲರೂ ಬರೆಯಿರಿ. ಪದ ಯಾವ ಊರಿನದು, ಯಾವ ಪದಾರ್ಥಕ್ಕೆ ಬಳಸುತ್ತಿದ್ದರು ಅನ್ನುವುದನ್ನೂ ಸೇರಿಸಿ.

ಆರನೆಯ ಬಾಟಲಿ ಇನ್ನೂ ಕೆಳಗಿನ ತಂಪು ಕೋಣೆಯಲ್ಲಿ ಅಡ್ಡ ಮಲಗಿದೆ. ಈ ದೀಪಾವಳಿಗೆ ತೆಗೆಯಬೇಕು ಅಂತಿದ್ದೇವೆ. ಅಷ್ಟರೊಳಗೆ ನಿಮ್ಮ ಪದಗಳು ಬಂದರೆ ಚೀಟಿ ಪಕ್ಕದಲ್ಲಿ ಇಟ್ಟುಕೊಂಡೇ ಬಿರಡೆ ತೆಗೆಯುತ್ತೇನೆ, ಯಾವುದು ಹೊಂದಿತು ಅಂತ ಇಲ್ಲೇ ತಿಳಿಸುತ್ತೇನೆ.