ರೈಡಿಂಗ್ ಜಾಕೆಟ್: ಲೆವೆಲ್ 1 ಸಾಕಾ, ಲೆವೆಲ್ 2 ಬೇಕಾ? ಅನುಭವ ಹೇಳಿ

ತುಮಕೂರು_ಟು_ಪೀಣ್ಯ: ದಿನಾ ಬೈಕಿನಲ್ಲಿ ಪೀಣ್ಯಕ್ಕೆ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಘಾಟಿ ಕಡೆ. ಬಜೆಟ್ 10 ಸಾವಿರ. ನೋಡಿದ ಜಾಕೆಟಿನ ಲೇಬಲ್‌ನಲ್ಲಿ ‘ಎ’ ಅಂತ ಇದೆ. ಭುಜ, ಮೊಣಕೈ ಪ್ಯಾಡಿನ ಮೇಲೆ ಇಎನ್ 1621-1 (ಯುರೋಪಿನ ಸ್ಟ್ಯಾಂಡರ್ಡ್ ಅಂತೆ), ಲೆವೆಲ್ 2. ಬೆನ್ನಿಗೆ ಏನೋ ಫೋಮ್ ಹಾಕಿದ್ದಾರೆ. ಅಂಗಡಿಯವನು ‘ಫುಲ್ ಲೆವೆಲ್ 2 ಸಾರ್’ ಅಂತಾನೆ. ತಗೊಳ್ಳಲಾ?

ಕಾಲರ್‌ಬೋನ್_ಕುಮಾರ: ಲೆವೆಲ್ ಆಮೇಲೆ ನೋಡಿ, ಮೊದಲು ಸೈಜ್ ನೋಡಿ. ಒಳಗೆ ಸ್ವೆಟರ್ ಹಾಕಬಹುದು ಅಂತ ನಾನು ಒಂದು ಸೈಜ್ ದೊಡ್ಡದು ತಗೊಂಡೆ, 6,499 ರೂಪಾಯಿ. ಚಾರ್ಮಾಡಿ ಇಳಿಯುವಾಗ ತಿರುವಿನಲ್ಲಿ ಮರಳು ಇತ್ತು, ಸ್ಪೀಡ್ 40 ಕೂಡ ಇರಲಿಲ್ಲ. ಬಿದ್ದಾಗ ತೋಳು ತಿರುಚಿಕೊಂಡು ಮೊಣಕೈ ಪ್ಯಾಡ್ ಮುಂಗೈ ಪಕ್ಕಕ್ಕೆ ಹೋಗಿತ್ತು, ಭುಜದ್ದು ಎದೆ ಮೇಲೆ. ಕಾಲರ್‌ಬೋನ್ ಎರಡು ತುಂಡು. ಪ್ಲೇಟ್ ಹಾಕಿದ್ದಕ್ಕೆ 1,38,000. ಇನ್ಶೂರೆನ್ಸ್‌ನವರು ಗ್ಲೌಸ್, ಹತ್ತಿ, ಸಿರಿಂಜು ಎಲ್ಲಾ ಕಳೆದು 1,12,400 ಕೊಟ್ಟರು. ಫಿಸಿಯೋ 22 ದಿನ, ದಿನಕ್ಕೆ 400. ಹ್ಯಾಂಡಲ್, ಇಂಡಿಕೇಟರ್, ಲೆಗ್‌ಗಾರ್ಡ್ 7,850. ಜಾಕೆಟನ್ನು ಕ್ಯಾಶುವಾಲ್ಟಿಯಲ್ಲಿ ಕತ್ತರಿಸಿ ಕೈಗೆ ಕೊಟ್ಟರು. ಜಿಪ್ ಇದೆ ಅಂತ ಹೇಳುವಷ್ಟು ಉಸಿರು ನನಗಿರಲಿಲ್ಲ. ಅದರಲ್ಲಿದ್ದ ಪ್ಯಾಡೂ ಲೆವೆಲ್ 2ನೇ.

ನಂಬರ್_ನೋಡಿ_ಕೊಳ್ಳಿ: ಕಾಲರ್‌ಬೋನ್ ಮೇಲೆ ಪ್ಯಾಡ್ ಬರುವುದೇ ಇಲ್ಲ ಗುರು, ಲೆವೆಲ್ ಏನು ಮಾಡುತ್ತೆ? ಟೆಸ್ಟ್ ಏನು ಅಂತ ತಿಳಿದುಕೊಂಡು ಬೈಯಿರಿ. 5 ಕೆಜಿ ತೂಕವನ್ನು 1 ಮೀಟರ್ ಮೇಲಿಂದ ಪ್ಯಾಡ್ ಮೇಲೆ ಬಿಡುತ್ತಾರೆ, ಅಂದರೆ ಸುಮಾರು 50 ಜೂಲ್. ಪ್ಯಾಡ್ ದಾಟಿ ಒಳಗೆ ಎಷ್ಟು ಏಟು ಬಂತು ಅಂತ ಅಳೆಯುತ್ತಾರೆ. ಕೈಕಾಲಿನ ಪ್ಯಾಡಿಗೆ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗೆ ಬಂದರೆ ಲೆವೆಲ್ 2. ಬೆನ್ನಿನದ್ದು ಬೇರೆ ಸ್ಟ್ಯಾಂಡರ್ಡ್, 1621-2. ಅಲ್ಲಿ ಲೆವೆಲ್ 1ಕ್ಕೇ 18, ಲೆವೆಲ್ 2ಕ್ಕೆ 9. ಅಂದರೆ ಭುಜದ ಲೆವೆಲ್ 2 ಪ್ಯಾಡ್ ಬೆನ್ನಿಗೆ ಹಾಕಿದರೆ ಬೆನ್ನಿನ ಲೆವೆಲ್ 1 ಕೂಡ ಪಾಸಾಗುವ ಗ್ಯಾರಂಟಿ ಇಲ್ಲ. ಇದನ್ನು ಯಾವ ಅಂಗಡಿಯವನೂ ಹೇಳಲ್ಲ.

ನನಗೂ ಒಬ್ಬ ‘ಫುಲ್ ಲೆವೆಲ್ 2’ ಅಂತಲೇ ಮಾರಿದ್ದ. ಮನೆಗೆ ಬಂದು ಬೆನ್ನಿನ ಪಾಕೆಟ್ ತೆಗೆದರೆ ಚಪ್ಪಲಿ ಅಟ್ಟೆಯಂಥ ಫೋಮ್, ಅದರ ಮೇಲೆ ಒಂದು ಅಕ್ಷರ ಇಲ್ಲ. ನಿಜವಾದ ಬೆನ್ನಿನ ಲೆವೆಲ್ 2 ಪ್ಯಾಡ್ ಬೇರೆ ತರಿಸಿದೆ, 3,900. ಅದು ಪಾಕೆಟಿನಲ್ಲಿ ಕೂರಲಿಲ್ಲ. ರಾಜಾಜಿನಗರದ ಟೈಲರ್ ಹತ್ತಿರ 250 ಕೊಟ್ಟು ಪಾಕೆಟ್ ಬಿಚ್ಚಿಸಿ ಹೊಲಿಸಿದೆ, ವಾರಂಟಿ ಹೋಯಿತು. ಮತ್ತೆ ಆ ‘ಎ’ ಇದೆಯಲ್ಲ, ಅದು ಪ್ಯಾಡಿನದ್ದಲ್ಲ, ಇಡೀ ಜಾಕೆಟಿನದ್ದು, ಇಎನ್ 17092. ರಸ್ತೆಗೆ ಉಜ್ಜಿದರೆ ಬಟ್ಟೆ ಎಷ್ಟು ತಡೆಯುತ್ತೆ, ಹೊಲಿಗೆ ಬಿಚ್ಚುತ್ತಾ ಅಂತೆಲ್ಲಾ ನೋಡುತ್ತಾರೆ. ಮೇಲೆ ಎಎ, ಎಎಎ ಇವೆ. ಎ ಹಾಕಿಕೊಂಡು ಹೈವೇಗೆ ಹೋಗುವವರಿಗೆ ನನ್ನ ನಮಸ್ಕಾರ.

ಕುಡ್ಲದ_ಸೆಖೆ: ಮಾರಾಯ್ರೇ, ನಿಮ್ಮ ಎಎಎ ಹಾಕಿಕೊಂಡು ಏಪ್ರಿಲಿನಲ್ಲಿ ಸುರತ್ಕಲ್ ಸಿಗ್ನಲಿನಲ್ಲಿ ಎರಡು ನಿಮಿಷ ನಿಲ್ಲಿ ನೋಡುವ. ನಾನೂ 14,800 ಕೊಟ್ಟು ದಪ್ಪದ್ದು ತಂದೆ, ಬೆನ್ನು, ಎದೆ ಎಲ್ಲಾ ಲೆವೆಲ್ 2. ಮೂರು ಸಲ ಹಾಕಿದೆ. ಮೂರನೇ ಸಲ ತಲೆ ತಿರುಗಿ ಮೂಲ್ಕಿಯಲ್ಲಿ ಬೈಕ್ ನಿಲ್ಲಿಸಿ ಬೊಂಡ ಕುಡಿದು ಕೂತೆ. ಈಗ ಎರಡು ವರ್ಷದಿಂದ ನಮ್ಮನೆ ಗೋಡೆಯ ಮೊಳೆಗೆ ಲೆವೆಲ್ 2 ರಕ್ಷಣೆ ಇದೆ. ನಾನು ಹಾಕುವುದು 5,200ರ ಗಾಳಿಯಾಡುವ ಮೆಶ್ ಜಾಕೆಟ್, ಲೆವೆಲ್ 1. ದಿನಾ ಹಾಕುತ್ತೇನೆ.

ನಂಬರ್_ನೋಡಿ_ಕೊಳ್ಳಿ: ಸೆಕೆ ಅನ್ನುವುದು ನೆಪ. ಪ್ಯಾಡಿನ ಮೇಲೆ ಟಿ+ ಗುರುತು ಇದ್ದರೆ 40 ಡಿಗ್ರಿಯಲ್ಲೂ ಟೆಸ್ಟ್ ಪಾಸಾಗಿದೆ ಅಂತ.

ಕುಡ್ಲದ_ಸೆಖೆ: ಪಾಸಾದದ್ದು ಪ್ಯಾಡ್. ನಾನಲ್ಲ.

ಬುಲೆಟ್_ರಾಜ_ದಾವಣಗೆರೆ: ಇದೆಲ್ಲಾ ಯಾಕೆ, ನಮ್ಮ ಭಾವ ಆನ್‌ಲೈನಲ್ಲಿ 9,000ಕ್ಕೆ ಮಿಲಿಟರಿ ವೆಸ್ಟ್ ತರಿಸಿದ್ದಾನೆ, ಕೆವ್ಲಾರ್, ಲೆವೆಲ್ 3ಎ. ಗುಂಡೇ ತಡೆಯುತ್ತೆ ಅಂದಮೇಲೆ ರಸ್ತೆ ಯಾವ ಲೆಕ್ಕ?

ಮಡಿಕೇರಿ_ನಿವೃತ್ತ: 17 ವರ್ಷ ಅಂಥದ್ದನ್ನು ಹೊತ್ತಿದ್ದೇನೆ, ಕೇಳಿ. 3ಎ ಅನ್ನುವುದು ಅಮೆರಿಕ ಸರ್ಕಾರದ ಎನ್‌ಐಜೆ ಸಂಸ್ಥೆಯ ಲೆಕ್ಕ, ನಿಮ್ಮ ಲೆವೆಲ್ 1, 2ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ಪಿಸ್ತೂಲಿನ ಗುಂಡಿಗೆ, ರೈಫಲ್ಲಿಗಲ್ಲ. 2023ರಲ್ಲಿ ಬಂದ ಹೊಸ ಸ್ಟ್ಯಾಂಡರ್ಡ್‌ನಲ್ಲಿ ಅದನ್ನು ಎಚ್‌ಜಿ2 ಅಂತ ಕರೆದಿದ್ದಾರೆ. ನಮ್ಮ ದೇಶಕ್ಕೆ ಬಿಐಎಸ್‌ನದ್ದೇ ಇದೆ, ಐಎಸ್ 17051, 2018ರದ್ದು. ಎನ್‌ಐಜೆ ಟೆಸ್ಟಿನಲ್ಲಿ ಗುಂಡು ನಿಂತರೂ ಹಿಂದಿನ ಜೇಡಿಮಣ್ಣಿನಲ್ಲಿ 44 ಮಿಲಿಮೀಟರ್ ತನಕ ಕುಳಿ ಬೀಳಬಹುದು. ಒಳಗಿರುವವನ ಪಕ್ಕೆಲುಬಿನ ಗತಿ ಯೋಚಿಸಿ. ಗುಂಡು ತಡೆಯುವ ಮೆತ್ತನೆ ಬಟ್ಟೆ ಮೊಣಕೈಗೆ ಕುಶನ್ ಕೊಡುವುದಿಲ್ಲ. 9,000ಕ್ಕೆ ಸಿಕ್ಕಿದ್ದು ಗುಂಡನ್ನಾದರೂ ತಡೆಯುತ್ತಾ ಅನ್ನುವುದು ಬೇರೆ ಮಾತು.

ಬುಲೆಟ್_ರಾಜ_ದಾವಣಗೆರೆ: ಸಾರ್ ನೀವು ನೋಡದೇ ಹೇಗೆ ಹೇಳ್ತೀರಿ? ಸರ್ಟಿಫಿಕೇಟ್ ಇದೆ.

ಮಡಿಕೇರಿ_ನಿವೃತ್ತ: ಭಾವನಿಗೆ ಹೇಳಿ, ಅದನ್ನು ಹಾಕಿಕೊಂಡು ಟಾರು ರಸ್ತೆ ಮೇಲೆ ಓಡಿ ಬಂದು ಒಮ್ಮೆ ಬೀಳಲಿ. ಬೈಕ್ ಬೇಡ.

ಕಾಲರ್‌ಬೋನ್_ಕುಮಾರ: ಬೀಳುವ ವಿಷಯ ತಮಾಷೆ ಅಲ್ಲ ಸಾರ್. ನನಗೆ ಮಳೆ ಬಂದರೆ ಇವತ್ತಿಗೂ ಪ್ಲೇಟ್ ಇರುವ ಜಾಗ ಸೆಳೆಯುತ್ತೆ. ಆವತ್ತು ಹೆಲ್ಮೆಟ್ ಚೆನ್ನಾಗಿತ್ತು, ಅದಕ್ಕೇ ಟೈಪ್ ಮಾಡುತ್ತಿದ್ದೇನೆ.

ನಂಬರ್_ನೋಡಿ_ಕೊಳ್ಳಿ: ಯಾವ ಹೆಲ್ಮೆಟ್? ಐಎಸ್‌ಐ ಮಾತ್ರವಾ, ಯುರೋಪಿನ ಇಸಿಇ ಗುರುತು ಕೂಡ ಇತ್ತಾ?

ಕಾಲರ್‌ಬೋನ್_ಕುಮಾರ: ಈಗ ಹೆಲ್ಮೆಟ್ ಶುರು ಮಾಡಬೇಡಿ. ಹೋದ ತಿಂಗಳು ಇದೇ ಜಗಳ 200 ಉತ್ತರ ಹೋಯಿತು.

ತುಮಕೂರು_ಟು_ಪೀಣ್ಯ: ಮತ್ತೆ ಅಂಗಡಿಗೆ ಹೋಗಿ ಬೆನ್ನಿನ ಫೋಮ್ ಹೊರಗೆ ತೆಗೆದು ನೋಡಿದೆ. ಅದರ ಮೇಲೆ ನಂಬರ್ ಇಲ್ಲ, ಅಸಲಿ ಪ್ಯಾಡಿನ ಮೇಲೆ ಇರುವ ಬೈಕಿನವನ ಚಿತ್ರವೂ ಇಲ್ಲ. ಕೇಳಿದರೆ ‘ಅದು ಕಂಫರ್ಟಿಗೆ ಸಾರ್’ ಅಂದ. 8,700 ಹೇಳುತ್ತಿದ್ದವನು 8,200ಕ್ಕೆ ಇಳಿದ. ಬೆನ್ನಿನದ್ದು ಬೇರೆ ತಗೊಂಡರೆ 12 ಸಾವಿರ ದಾಟುತ್ತೆ.

ಕುಡ್ಲದ_ಸೆಖೆ: ನನ್ನ ಮೊಳೆಯದ್ದು ಬೇಕಾದರೆ 7,000ಕ್ಕೆ ಕೊಡುತ್ತೇನೆ, ಮೂರೇ ಸಲ ಹಾಕಿದ್ದು. ಬೆನ್ನಿನ ಪ್ಯಾಡ್ ಮಾತ್ರ ಕೊಡುವುದಿಲ್ಲ, ಅದನ್ನು ಮೆಶ್‌ಗೆ ಹಾಕಿಸಿಕೊಳ್ಳಬೇಕು. @ನಂಬರ್, ಆ ಟೈಲರ್ ರಾಜಾಜಿನಗರದಲ್ಲಿ ಎಲ್ಲಿ?

ನಂಬರ್_ನೋಡಿ_ಕೊಳ್ಳಿ: ಯಾಕೆ, ಸೆಖೆ ಕಡಿಮೆ ಆಯಿತಾ?